ಎಡ ಹೆಗಲಿನ ಹೂವು

ನಾನು ಓದಿದ್ದು ಆರನೇ ಕ್ಲಾಸು. ಕಸುಬು ಗಾರೆ ಕೆಲಸ. ಅಮೆರಿಕಕ್ಕೆ ಹೋಗಿಬಂದವರು ಅಲ್ಲಿಯ ಸೇತುವೆ, ಸಮುದ್ರ, ಅಂಗಡಿಗಳ ಬಗ್ಗೆ ಬರೆದದ್ದನ್ನು ನೀವು ಬೇಕಾದಷ್ಟು ಓದಿರುತ್ತೀರಿ. ಆ ಕೆಂಪು ಸೇತುವೆಯನ್ನು ನಾನೂ ದೂರದಿಂದ ನೋಡಿದೆ. ಮಂಜಿನಲ್ಲಿ ಅರ್ಧ ಕಾಣಿಸಿತು. ಅದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ನಾನು ಅಷ್ಟು ದೂರ ಹೋದದ್ದು ನಮ್ಮಕ್ಕನ ಎದುರು ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ. ಹನ್ನೊಂದು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಟಿಕೆಟ್ಟು ಕಳಿಸಿದ ಅಕ್ಕನ ಮಗಳು ಸುಧಾಳಿಗೆ ಇದು ಗೊತ್ತಿರಲಿಲ್ಲ. "ಮಾವ, ಅಮ್ಮ ಯಾಕೋ ತುಂಬಾ ಮಂಕಾಗಿದಾರೆ. ಇಲ್ಲಿ ದೇವಸ್ಥಾನಕ್ಕೆ ಕರೆದರೂ ಕಾರಿಂದ ಇಳಿಯಲ್ಲ. ನೀವು ಬಂದು ಒಂದು ತಿಂಗಳು ಇದ್ದು ಮಾತಾಡಿಸಿ" ಎಂದಿದ್ದಳು. ಅಕ್ಕ ಯಾಕೆ ಇಳಿಯುವುದಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ.

ವಿಮಾನ ನಿಲ್ದಾಣ

ಇಳಿದ ಮೇಲೆ ಉದ್ದ ಸಾಲು. ಗಾಜಿನ ಹಿಂದೆ ಕೂತ ಅಧಿಕಾರಿ ನನ್ನ ಬೆರಳುಗಳನ್ನು ಒಂದು ಪುಟ್ಟ ಯಂತ್ರದ ಮೇಲೆ ಒತ್ತಲು ಸನ್ನೆ ಮಾಡಿದ. ಒತ್ತಿದೆ. ಅವನು ತಲೆಯಾಡಿಸಿದ. ಮತ್ತೆ ಒತ್ತಿದೆ. ಒದ್ದೆ ಕಾಗದ ಕೊಟ್ಟು ಒರೆಸಿಕೊಳ್ಳಲು ಹೇಳಿದ. ಏನು ಮಾಡಿದರೂ ಯಂತ್ರಕ್ಕೆ ನನ್ನ ಬೆರಳು ಹಿಡಿಸಲಿಲ್ಲ. ನಲವತ್ತೈದು ವರ್ಷ ಸುಣ್ಣ, ಸಿಮೆಂಟು ಕಲಸಿ ನನ್ನ ಬೆರಳಿನ ಗೆರೆಗಳೆಲ್ಲ ತಿಂದುಹೋಗಿವೆ. ನಮ್ಮೂರ ರೇಷನ್ ಅಂಗಡಿಯ ಯಂತ್ರವೂ ನನ್ನನ್ನು ಗುರುತು ಹಿಡಿಯುವುದಿಲ್ಲ.

ಅವನು ಏನೋ ಕೇಳಿದ. ಹಿಂದೆ ನಿಂತಿದ್ದ ಬೆಂಗಳೂರಿನ ಹೆಂಗಸೊಬ್ಬರು ನೆರವಿಗೆ ಬಂದರು.

"ಏನು ಕೆಲಸ ಮಾಡ್ತೀರಾ ಅಂತ ಕೇಳ್ತಿದಾರೆ."

"ಗೋಡೆ ಕಟ್ತೀನಿ ಅನ್ನಿ ತಾಯಿ."

ಅವರು ಹೇಳಿದರು. ಅವನು ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿ ಮೊದಲ ಸಲ ನಕ್ಕ. ತನ್ನ ಅಪ್ಪನ ಕೈಯೂ ಹೀಗೇ ಇತ್ತು ಎಂದನಂತೆ. ಕೊನೆಗೆ ಯಂತ್ರ ಒಪ್ಪಿತೋ ಅವನೇ ಒಪ್ಪಿದನೋ ತಿಳಿಯದು, ಬಿಟ್ಟುಬಿಟ್ಟ. ಎಲ್ಲೂ ಗುರುತು ಬಿಡದ ಕೈ ನನ್ನದು ಎಂದುಕೊಳ್ಳುತ್ತ ಹೊರಗೆ ಬಂದೆ. ಆ ಯೋಚನೆ ನನಗೆ ಸಮಾಧಾನ ಕೊಡಲಿಲ್ಲ.

ಸುಧಾಳ ಕಾರಿನಲ್ಲಿ ಯೂನಿಯನ್ ಸಿಟಿಗೆ ಹೋಗುವಾಗ ಫ್ರೀವೇ ಪಕ್ಕದಲ್ಲಿ ಅಲ್ಲಲ್ಲಿ ಕಣಗಿಲೆ ಗಿಡಗಳು. ಬಿಳಿ, ಗುಲಾಬಿ, ಮೈತುಂಬ ಹೂವು. ಕೀಳುವವರು ಯಾರೂ ಇಲ್ಲ.

"ಎಷ್ಟು ಚೆನ್ನಾಗಿದೆ ಅಲ್ವಾ ಮಾವ?" ಎಂದಳು ಸುಧಾ.

ನಾನು ಇನ್ನೊಂದು ಕಡೆಗೆ ಮುಖ ತಿರುಗಿಸಿ ಕೂತೆ.

ಯೂನಿಯನ್ ಸಿಟಿ, ಮೊದಲ ವಾರ

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹೆಸರು ಪುಟ್ಟತಾಯಮ್ಮ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ.

"ಏನ್ಲಾ ನಂಜ, ಮುದುಕ ಆಗೋಗಿದ್ದೀಯ! ಹಲ್ಲು ಎಲ್ಲಿ ಬಿಟ್ಟೆ, ವಿಮಾನದಲ್ಲಾ?"

"ಎರಡೇ ಹೋಗಿರೋದು ಕಣಕ್ಕ."

"ಮಿಕ್ಕಿದ್ದನ್ನಾದ್ರೂ ಭದ್ರವಾಗಿ ಇಟ್ಕೊ. ಇಲ್ಲಿ ಹಲ್ಲಿನ ಡಾಕ್ಟರನ್ನ ಮಾತಾಡ್ಸೋಕೂ ಭಯ, ಅಷ್ಟು ದುಡ್ಡು ಕೀಳ್ತಾರೆ."

ಆ ದೇಶದ ಮನೆ ನೋಡಿ ನನಗೆ ನಂಬಿಕೆ ಬರಲಿಲ್ಲ. ಗೋಡೆ ತಟ್ಟಿದರೆ ಡಬ್ಬದ ಸದ್ದು. ಒಳಗೆ ಮರದ ಚೌಕಟ್ಟು, ಮೇಲೆ ಹಲಗೆ, ಅದರ ಮೇಲೆ ಬಣ್ಣ. ಒಂದೇ ಒಂದು ಇಟ್ಟಿಗೆ ಇಲ್ಲ. ನಾನು ಕೋಣೆ ಕೋಣೆಗೂ ಹೋಗಿ ತಟ್ಟಿ ನೋಡುತ್ತಿದ್ದರೆ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಬಿಡ್ಲಾ, ಬಿದ್ದೋದಾತು. ಇದರ ಸಾಲ ತೀರಿಸೋಕೆ ಅಳಿಯ ಇನ್ನೂ ಇಪ್ಪತ್ತು ವರ್ಷ ದುಡೀಬೇಕು."

ಅಕ್ಕ ಊರಿನ ಎಲ್ಲರನ್ನೂ ಕೇಳಿದಳು. ಹಿಂದಿನ ಮನೆಯ ಜಯಮ್ಮನ ಮಂಡಿನೋವು, ಕೆರೆ ಏರಿಯ ಮೇಲಿನ ಹುಣಸೇಮರ, ನಮ್ಮ ಹಸುವಿನ ಮೂರನೇ ಕರು. ನಮ್ಮ ದೇವತೆ ಕಟ್ಟೆ ಮಾರಮ್ಮನನ್ನು ಮಾತ್ರ ಕೇಳಲಿಲ್ಲ. ಮೂವತ್ತು ವರ್ಷ ದಿನವೂ ಆ ತಾಯಿಯ ಮುಖ ತೊಳೆದವಳು ಅವಳ ಹೆಸರನ್ನೇ ಎತ್ತಲಿಲ್ಲ.

ಅಡುಗೆಮನೆಯ ಪಕ್ಕದ ಒಂದು ಕಪಾಟಿನಲ್ಲಿ ಸುಧಾ ದೇವರ ಪಟಗಳನ್ನು ಇಟ್ಟಿದ್ದಾಳೆ. ಬೆಳಗ್ಗೆ ಅವಳು ಓಕ್ಲ್ಯಾಂಡಿನ ಆಸ್ಪತ್ರೆಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ದೀಪ ಹಚ್ಚಿ ಆರಿಸಿ ಹೋಗುತ್ತಾಳೆ. ಆಗ ಅಕ್ಕ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾಳೆ. ಮೂರನೇ ದಿನ ನನಗೆ ತಡೆಯಲಾಗದೆ ಆ ಕಪಾಟಿನ ಮುಂದೆ ಕರ್ಪೂರ ಹಚ್ಚಿದೆ. ಒಂದು ನಿಮಿಷಕ್ಕೆ ತಲೆಯ ಮೇಲೆ ಛಾವಣಿಗೆ ಅಂಟಿಸಿದ್ದ ಬಿಳಿ ಬಿಲ್ಲೆಯೊಂದು ಕಿವಿ ಹರಿಯುವ ಹಾಗೆ ಕೂಗಿಕೊಂಡಿತು. ಹೊಗೆ ಕಂಡರೆ ಕೂಗುವುದು ಅದರ ಕೆಲಸವಂತೆ. ಅಕ್ಕ ಓಡಿಬಂದು ಟವೆಲ್ಲು ಬೀಸಿ ಬೀಸಿ ಅದನ್ನು ಸುಮ್ಮನಾಗಿಸಿದಳು. ಆಮೇಲೆ ಏದುಸಿರು ಬಿಡುತ್ತ ನನ್ನ ಕಡೆ ತಿರುಗಿದಳು.

"ನಿಂಗ್ಯಾಕ್ಲಾ ಬೇಕಿತ್ತು ಇದು? ಬ್ಯಾಡ ಅಂದೋರ ಹಿಂದೆ ಯಾಕೆ ಬೀಳ್ತೀಯ? ನಾವು ಮಾಡಿದ್ದು ಸಾಕು ಅಂತ ಅವಳೇ ಹೇಳಿದ್ಲಲ್ಲ, ಎಲ್ಲಾರ ಎದುರಿಗೆ."

ಅದು ಹೇಳಿಬಿಡುವ ಹೊತ್ತಾಗಿತ್ತು. ನಾನು ಕರ್ಪೂರದ ಮಸಿ ಒರೆಸಿದೆ.

ಊರು, ಹನ್ನೊಂದು ವರ್ಷದ ಹಿಂದೆ

ಇಲ್ಲಿ ಪ್ರವಾಸ ನಿಲ್ಲಿಸಿ ಊರಿನ ಕಥೆ ಹೇಳಲೇಬೇಕು. ನಮ್ಮ ತಾಲ್ಲೂಕು ಆಫೀಸಿಗೆ ಹೊಸ ಕಟ್ಟಡ ಬಂತು. ಮಿನಿ ವಿಧಾನಸೌಧ ಅನ್ನುತ್ತಾರೆ. ಅದರ ಮುಂಬಾಗಿಲ ಮೆಟ್ಟಿಲು ಬರಬೇಕಾದ ಜಾಗದಲ್ಲಿ ನಮ್ಮ ತಾತ ಕಲ್ಲು, ಗಾರೆಯಲ್ಲಿ ಕಟ್ಟಿದ ಕಟ್ಟೆ ಮಾರಮ್ಮನ ಗುಡಿ ಇತ್ತು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ. ಪೂಜೆ ನಮ್ಮ ಮನೆಯದು. ಭಾವ ತೀರಿಕೊಂಡು ಅಕ್ಕ ತವರಿಗೆ ಬಂದ ಮೇಲೆ, ಅಪ್ಪನ ಕೈಯಿಂದ ಅದು ಅವಳ ಕೈಗೆ ಬಂದಿತ್ತು.

ಗುಡಿ ತೆಗೆಯುವ ಮಾತು ಬಂದಾಗ ಅರ್ಧ ಊರು ಬೇಡ ಅಂದಿತು, ಅರ್ಧ ಊರು ಆಗಲಿ ಅಂದಿತು. ಕೊನೆಗೆ ಅಕ್ಕನೇ ದಾರಿ ತೋರಿಸಿದಳು. "ಅಮ್ಮನ್ನೇ ಕೇಳಿ. ಅವಳು ಬಲಗಡೆ ಹೂ ಕೊಟ್ಟರೆ ನಾನು ಅಡ್ಡ ಬರಾಕಿಲ್ಲ."

ಹೂ ಕೇಳುವುದು ನಿಮಗೆ ಗೊತ್ತಿರಬಹುದು. ದೇವರ ಕಲ್ಲನ್ನು ತೊಳೆದು, ಎರಡು ಹೆಗಲಿಗೂ ಒಂದೊಂದು ಒದ್ದೆ ಹೂವು ಅಂಟಿಸಿ, ಕರ್ಪೂರ ಹಚ್ಚಿ ಕೇಳುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಇಲ್ಲ. ಅಕ್ಕ ಹೂವಿಟ್ಟರೆ ತನ್ನ ಕಡೆ ಮಾಡಿಕೊಂಡಾಳು ಎಂದು ಯಾರೋ ಗೊಣಗಿದರು. "ಹಂಗಾದ್ರೆ ನಂಜ ಇಡ್ಲಿ" ಎಂದವಳು ಅಕ್ಕ.

ಆ ಕಟ್ಟಡದ ಗಾರೆ ಕೆಲಸವನ್ನು ಕಂಟ್ರಾಕ್ಟರು ನನಗೆ ಕೊಡುವುದಾಗಿ ಹೇಳಿದ್ದ. ಹೊಟ್ಟೆಪಾಡಿಗೆ ಬೇರೆ ಕೆಲಸವಿತ್ತು, ದುಡ್ಡಿಗಾಗಿ ನಾನು ಬೀಳುತ್ತಿರಲಿಲ್ಲ. ಮುಂಭಾಗದ ನೆತ್ತಿಯ ಮೇಲೆ ಎಂಟು ಅಡಿ ಅಗಲದ ಗಂಡಭೇರುಂಡವನ್ನು ಗಾರೆಯಲ್ಲಿ ತಿದ್ದಬೇಕಿತ್ತು. ಅಷ್ಟು ದೊಡ್ಡ ಕೆಲಸ ನಮ್ಮ ಕಡೆಯ ಯಾವ ಮೇಸ್ತ್ರಿಗೂ ಸಿಕ್ಕಿರಲಿಲ್ಲ. ಜಿಲ್ಲಾಧಿಕಾರಿಯಿಂದ ಹಿಡಿದು ಪಹಣಿಗೆ ಬರುವ ರೈತನವರೆಗೆ ಎಲ್ಲರೂ ತಲೆಯೆತ್ತಿ ನೋಡುತ್ತಾರೆ, ಇದು ನಂಜಪ್ಪನ ಕೈ ಅನ್ನುತ್ತಾರೆ. ಆ ಆಸೆಗೆ ಬಿದ್ದೆ.

ಅವತ್ತು ಬೆಳಗ್ಗೆ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಂದು ಚಿಟಿಕೆ ಬಿಳಿ ಸಿಮೆಂಟು ಇಟ್ಟುಕೊಂಡು ಹೋದೆ. ಎಡ ಹೆಗಲಿನ ಕಣಗಿಲೆ ಹೂವಿನ ತೊಟ್ಟಿಗೆ ಅದನ್ನು ಮೆತ್ತಿ ಒತ್ತಿದೆ. ಬಲಗಡೆಯದನ್ನು ಬರೀ ನೀರಿನಲ್ಲಿ ಅಂಟಿಸಿದೆ. ಕರ್ಪೂರ ಅರ್ಧ ಉರಿಯುವಷ್ಟರಲ್ಲಿ ಬಲಗಡೆ ಹೂ ಬಿತ್ತು. ಇನ್ನೂರು ಜನ ಒಟ್ಟಿಗೆ ಜೈಕಾರ ಹಾಕಿದರು.

ಅಕ್ಕ ಜೈ ಅನ್ನಲಿಲ್ಲ. ತನ್ನ ಮುಡಿಯಲ್ಲಿದ್ದ ಹೂ ತೆಗೆದು ಕಟ್ಟೆಯ ಮೇಲೆ ಇಟ್ಟು ಮನೆಗೆ ಹೋದಳು. ಮಾರನೆಯ ದಿನ ಜೆಸಿಬಿ ಬಂತು. ಮೂಲೆಯಲ್ಲಿ ಹೊಸ ಗುಡಿ ಕಟ್ಟಿಕೊಡುತ್ತೇವೆ ಎಂದವರು ಕಟ್ಟಲಿಲ್ಲ. ಅಮ್ಮನ ಕಲ್ಲು ಈಗಲೂ ಆಫೀಸಿನ ಹಿಂದೆ, ಬೋರ್‌ವೆಲ್ ಮನೆಯ ಗೋಡೆಗೆ ಒರಗಿಕೊಂಡಿದೆ. ನನ್ನ ಗಂಡಭೇರುಂಡ ಮುಂದೆ ಇದೆ. ಅಕ್ಕ ಇದ್ದ ಮನೆ ಅದಕ್ಕೆ ನೇರ ಎದುರಿಗಿತ್ತು. ಎರಡು ವರ್ಷ ನೋಡಿದಳು, ಆಮೇಲೆ ಮಗಳ ಹತ್ತಿರ ಹೊರಟುಹೋದಳು.

ಬೇಲಿಯಾಚೆ

ಅಕ್ಕನಿಗೆ ಅಲ್ಲಿ ಒಬ್ಬಳು ಗೆಳತಿ ಇದ್ದಾಳೆ. ಪಕ್ಕದ ಮನೆಯ ಗಲೀನಾ. ಎಂಬತ್ತು ದಾಟಿದ ರಷ್ಯಾದ ಮುದುಕಿ, ಅಕ್ಕನ ಬಾಯಲ್ಲಿ ಗಲೀನಮ್ಮ. ಮರದ ಬೇಲಿಯಲ್ಲಿ ಎರಡು ಹಲಗೆ ಕಿತ್ತುಹೋಗಿವೆ, ಇಬ್ಬರೂ ಸರಿಮಾಡಲು ಬಿಡುವುದಿಲ್ಲ. ಅದರಲ್ಲೇ ಪಾತ್ರೆಗಳು ಓಡಾಡುತ್ತವೆ. ಇತ್ತಲಿಂದ ಬಸ್ಸಾರು, ಅತ್ತಲಿಂದ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಅಕ್ಕ ಕನ್ನಡ, ಅವಳು ರಷ್ಯನ್, ನಡುವೆ ಹತ್ತು ಇಂಗ್ಲಿಷ್ ಮಾತು.

"ಗಲೀನಮ್ಮ, ಮೈ ಬ್ರದರ್. ವಾಲ್, ವಾಲ್," ಎಂದು ಅಕ್ಕ ಗೋಡೆ ಕಟ್ಟುವ ಸನ್ನೆ ಮಾಡಿ ನನ್ನನ್ನು ತೋರಿಸಿದಳು. ಗಲೀನಾ ನನ್ನ ಕೈ ಹಿಡಿದು ಜೋರಾಗಿ ಕುಲುಕಿದಳು. ಆಮೇಲೆ ತನ್ನ ಮನೆಯ ಮೆಟ್ಟಿಲಲ್ಲಿ ಬಿರುಕು ಬಿಟ್ಟದ್ದನ್ನು ತೋರಿಸಿ ಸುಮ್ಮನೆ ನಿಂತಳು. ಅರ್ಥವಾಯಿತು. ಎರಡು ದಿನ ಕೂತು ಸರಿಮಾಡಿಕೊಟ್ಟೆ. ಅಮೆರಿಕದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ.

ಅದಕ್ಕೆ ಪ್ರತಿಯಾಗಿ ಅವಳು ನಮ್ಮನ್ನು ಸ್ಯಾನ್ ಫ್ರಾನ್ಸಿಸ್ಕೊಕ್ಕೆ ಹೊರಡಿಸಿದಳು. ಅಲ್ಲಿ ಅವರ ಚರ್ಚಿನಲ್ಲಿ ಫೋಟೋ ಪ್ರದರ್ಶನವಂತೆ. ಕಟ್ಟಡಗಳ ಫೋಟೋ, ನಿನ್ನ ತಮ್ಮನಿಗೆ ಇಷ್ಟವಾಗುತ್ತದೆ ಎಂದಳಂತೆ. ಭಾನುವಾರ ಸುಧಾಳಿಗೂ ರಜ ಇತ್ತು.

ರೈಲು

ಊರೊಳಗೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂದು ರೈಲಿನಲ್ಲೇ ಹೊರಟೆವು. ಸುಧಾ ಫೋನು ನೋಡುತ್ತಿದ್ದಾಗ ಗಲೀನಾ ಬಂದ ಮೊದಲ ರೈಲಿಗೆ ಅಕ್ಕನ ಕೈ ಹಿಡಿದು ಹತ್ತಿಸಿಬಿಟ್ಟಳು. ನಾವೂ ಹಿಂದೆ ಹಾರಿದೆವು. ಅದು ಬೇರೆ ಊರಿಗೆ ಹೋಗುವ ರೈಲು.

"ಅಯ್ಯೋ, ರಾಂಗ್ ಟ್ರೇನು! ಓಕ್ಲ್ಯಾಂಡಲ್ಲಿ ಇಳಿದು ಚೇಂಜ್ ಮಾಡ್ಬೇಕು" ಎಂದು ಸುಧಾ ತಲೆ ಚಚ್ಚಿಕೊಂಡಳು. ಗಲೀನಾ ಏನೂ ಆಗದವಳಂತೆ ಕಿಟಕಿ ಪಕ್ಕ ಕೂತು ಅಕ್ಕನಿಗೆ ಪೆಪ್ಪರಮಿಂಟು ಕೊಟ್ಟಳು.

ನಮ್ಮ ಕಡೆ ರೈಲಿನಲ್ಲಿ ಒಂದು ಸ್ಟೇಷನ್ನು ದಾಟುವುದರೊಳಗೆ ಎದುರಿನವರ ಊರು, ಮಕ್ಕಳು, ರೋಗ ಎಲ್ಲ ತಿಳಿದಿರುತ್ತದೆ. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಒಬ್ಬ ಮನುಷ್ಯ ಹರಕು ಕಂಬಳಿ ಹೊದ್ದು ಮೂರು ಸೀಟಿನ ಮೇಲೆ ಮಲಗಿದ್ದ. ಅವನ ಕಾಲು ಬರಿದಾಗಿತ್ತು, ಊದಿಕೊಂಡಿತ್ತು. ಅವನ ಸುತ್ತ ಎಲ್ಲರೂ ಫೋನು ನೋಡುತ್ತಿದ್ದರು. ಅಕ್ಕ ಮಾತ್ರ ಆ ಕಾಲನ್ನೇ ನೋಡುತ್ತ ಕೂತಳು.

"ಇಷ್ಟೊಂದು ಇರೋ ದೇಶದಲ್ಲಿ ಇವನಿಗೊಂದು ಜೊತೆ ಚಪ್ಪಲಿ ಇಲ್ವಲ್ಲೋ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಇವನನ್ನೂ ಯಾರೋ ಸಾಕು ಹೋಗು ಅಂದಿರಬೇಕು" ಎಂದಳು.

ಓಕ್ಲ್ಯಾಂಡಿನಲ್ಲಿ ರೈಲು ಬದಲಾಯಿಸಿದೆವು. ಸಮುದ್ರದ ಕೆಳಗಿನ ಸುರಂಗದಲ್ಲಿ ಕಿವಿ ಗವ್ವೆಂದಿತು. ಆ ಕತ್ತಲೆಯಲ್ಲಿ ಹೇಳಿಬಿಡೋಣ, ಸದ್ದಿನಲ್ಲಿ ಅರ್ಧ ಕೇಳಿಸದೆ ಹೋಗಲಿ ಎಂದು ಬಾಯಿ ತೆರೆದೆ. "ಏನ್ಲಾ?" ಎಂದಳು. "ಏನಿಲ್ಲ" ಎಂದೆ.

ಸ್ಯಾನ್ ಫ್ರಾನ್ಸಿಸ್ಕೊ, ಚರ್ಚಿನ ಕೆಳಗಿನ ಹಾಲು

ಚರ್ಚಿನ ಮೇಲೆ ಈರುಳ್ಳಿ ಆಕಾರದ ಚಿನ್ನದ ಬಣ್ಣದ ಗುಮ್ಮಟಗಳು. ನಾವು ಹೋದದ್ದು ಅದರ ನೆಲಮಾಳಿಗೆಗೆ. ಮೇಣದ ವಾಸನೆ, ಕೋಸಿನ ಪಲ್ಯದ ವಾಸನೆ. ಗೋಡೆ ತುಂಬ ಕಪ್ಪು ಬಿಳುಪು ಚಿತ್ರಗಳು. ಜೋಡಿ ಜೋಡಿಯಾಗಿ ಹಾಕಿದ್ದರು. ಮೇಲಿನ ಚಿತ್ರದಲ್ಲಿ ಒಂದು ಚರ್ಚು. ಕೆಳಗಿನ ಚಿತ್ರದಲ್ಲಿ ಅದೇ ಬೀದಿ, ಅದೇ ಜಾಗ, ಚರ್ಚಿಲ್ಲ, ಅದರ ಬದಲು ಸರ್ಕಾರಿ ಕಟ್ಟಡ. ಕಂಬ, ಅಗಲವಾದ ಮೆಟ್ಟಿಲು, ಬಾವುಟ. ಸೋವಿಯತ್ ಸರ್ಕಾರ ಇದ್ದಾಗ ಹೀಗೆ ಎಷ್ಟೋ ಊರುಗಳಲ್ಲಿ ಆಯಿತಂತೆ. ಎರಡು ಮಸೀದಿಗಳೂ ಯಹೂದ್ಯರ ಒಂದು ಪ್ರಾರ್ಥನಾ ಮಂದಿರವೂ ಆ ಗೋಡೆಯ ಮೇಲಿದ್ದವು.

ಮಾಸ್ಕೋದಲ್ಲಿ ಎಲ್ಲಕ್ಕಿಂತ ದೊಡ್ಡ ಚರ್ಚನ್ನು ಸಿಡಿಸಿ ದೊಡ್ಡ ಸೌಧಕ್ಕೆ ಪಾಯ ತೆಗೆದರಂತೆ. ಸೌಧ ಏಳಲೇ ಇಲ್ಲ. ಕೊನೆಗೆ ಆ ಜಾಗದಲ್ಲಿ ಈಜುಕೊಳ ಮಾಡಿದರು. ಪಾಯ ತೆಗೆದು ಕಟ್ಟಡ ಏಳದೆ ಹೋದದ್ದನ್ನು ನಾನೂ ಕಂಡಿದ್ದೇನೆ. ಅದರಲ್ಲಿ ಜನ ಟೊಪ್ಪಿ ಹಾಕಿಕೊಂಡು ಈಜುತ್ತಿರುವ ಚಿತ್ರ ನೋಡಿ ನಗು ಬಂತು. ಗಲೀನಾಳೂ ನಕ್ಕಳು.

ಅವಳು ನಮ್ಮನ್ನು ಕೊನೆಯ ಜೋಡಿಯ ಮುಂದೆ ನಿಲ್ಲಿಸಿದಳು. ಅವಳ ಊರು. ಒಂದು ದೊಡ್ಡ ನದಿಯ ದಡ. ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಮೇಲೆ ಐದು ಗುಮ್ಮಟದ ಬಿಳಿ ಚರ್ಚು, ಕೆಳಗೆ ಜಿಲ್ಲಾ ಕಚೇರಿ. ಎರಡೂ ಚಿತ್ರದಲ್ಲಿ ಎಡಗಡೆ ಒಂದೇ ಮರ. ಅವಳು ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸುಧಾ ನಮಗೆ ಹೇಳುತ್ತ ಹೋದಳು. ಚರ್ಚು ಎರಡು ಸಲ ಮದ್ದಿಟ್ಟರೂ ಬೀಳಲಿಲ್ಲ, ಮೂರನೇ ಸಲಕ್ಕೆ ಮಂಡಿಯೂರಿತು. ಗಾರೆಗೆ ಮೊಟ್ಟೆ ಹಾಕಿ ಕಟ್ಟಿದ್ದರಂತೆ.

"ನಾವೂ ಹಾಕ್ತಿದ್ವಿ. ಮೊಟ್ಟೆ, ಬೆಲ್ಲ, ಅಳಲೆಕಾಯಿ ನೀರು" ಎಂದೆ. ನಮ್ಮ ತಾತನ ಗುಡಿಯೂ ಜೆಸಿಬಿಯ ಎರಡು ಹಲ್ಲು ಮುರಿದಿತ್ತು. ಅದನ್ನು ಹೇಳಲಿಲ್ಲ.

ಗಲೀನಾ ಅದೇ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಟೈಪಿಸ್ಟಾಗಿದ್ದಳು. ಅವಳ ತಾಯಿ ಊಟದ ಡಬ್ಬಿ ತಂದರೆ ಒಳಗೆ ಬರುತ್ತಿರಲಿಲ್ಲ. ಹೊರಗೆ ನಿಂತು ನೆಲಮಟ್ಟದ ಮೂರನೇ ಕಿಟಕಿಗೆ ಕೈಮುಗಿಯುತ್ತಿದ್ದಳು. ಮೊದಲು ದೇವರ ಪೀಠ ಇದ್ದದ್ದು ಅಲ್ಲಿ. ಆ ಕಿಟಕಿಯ ಹಿಂದೆ ಕೂರುತ್ತಿದ್ದ ಗುಮಾಸ್ತ, ಮುದುಕಿಯರೆಲ್ಲ ತನಗೇ ನಮಸ್ಕಾರ ಮಾಡುತ್ತಾರೆ ಎಂದು ಎದ್ದುನಿಂತು ತಲೆ ಬಾಗಿಸುತ್ತಿದ್ದನಂತೆ.

ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕೇಳಿದಳು: "ಇವರ ದೇವರನ್ನ ಹೂ ಕೇಳೋ ಪದ್ಧತಿ ಇರಲಿಲ್ವೇನೇ ಸುಧಾ?"

ಸುಧಾ ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದಳು. ಎಡ ಹೆಗಲು, ಬಲ ಹೆಗಲು. ಗಲೀನಾ ಕೇಳಿ ಏನೋ ಅಂದಳು. ಸುಧಾ ಜೋರಾಗಿ ನಕ್ಕಳು.

"ಏನಂದ್ಲೇ?"

"ನಮ್ಮಲ್ಲಿ ಇದ್ದಿದ್ರೆ, ಹೂವು ಬಲಗಡೆಗೇ ಬೀಳೋ ಹಾಗೆ ನೋಡ್ಕೊಳ್ಳೋಕೆ ಒಬ್ಬ ಆಫೀಸರ್‌ನ ಅಪಾಯಿಂಟ್ ಮಾಡ್ತಿದ್ರು ಅಂತಿದಾರೆ."

"ಥೂ, ನಮ್ಮಲ್ಲಿ ಹಂಗೆಲ್ಲ ಆಗಾಕಿಲ್ಲ ಅಂತ ಹೇಳು. ಹೂವಿಟ್ಟಿದ್ದು ನನ್ನ ತಮ್ಮನೇ" ಎಂದು ಅಕ್ಕ ನನ್ನ ಬೆನ್ನು ತಟ್ಟಿದಳು.

ನಾನು ಚಿತ್ರಕ್ಕೆ ಮುಖ ಹತ್ತಿರ ಮಾಡಿದೆ. ಕಚೇರಿಯ ನೆತ್ತಿಯ ಮೇಲೆ ಗಾರೆಯಲ್ಲಿ ತಿದ್ದಿದ ಗೋಧಿ ತೆನೆಗಳಿದ್ದವು. ಒಂದೊಂದು ಕಾಳೂ ಬಿಡಿಬಿಡಿಯಾಗಿ, ಗಾಳಿಗೆ ಬಾಗಿದ ಹಾಗೆ. ಮಾಡಿದವನ ಕೈ ಬಹಳ ಒಳ್ಳೆಯದು. ಅವನಿಗೆ ಆ ಜಾಗದಲ್ಲಿ ಏನಿತ್ತೆಂದು ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಚೆನ್ನಾಗಿ ಮಾಡಿದ.

ಗಲೀನಾ ಇನ್ನೂ ಹೇಳುತ್ತಿದ್ದಳು. ಚರ್ಚು ಕೆಡವುವ ಮುಂಚೆ ಬಟ್ಟೆ ಗಿರಣಿಯಲ್ಲಿ ಸಭೆ ಕರೆದರು. ಇದು ಜನರ ಬೇಡಿಕೆ, ಒಪ್ಪುವವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ಹದಿನೇಳು ವರ್ಷದ ಅವಳ ತಾಯಿಯೂ ಎತ್ತಿದಳು. ಆ ಚರ್ಚಿನ ಗಂಟೆ ಬಾರಿಸುತ್ತಿದ್ದವನು ಆ ತಾಯಿಯ ಅಪ್ಪ. ಅವನಿಗೆ ಇದು ಸಾಯುವವರೆಗೂ ತಿಳಿಯಲಿಲ್ಲ. ತಾಯಿ ಇದನ್ನು ಗಲೀನಾಳಿಗೆ ಹೇಳಿದ್ದು ಆಸ್ಪತ್ರೆಯಲ್ಲಿ, ಕೊನೆಯ ವಾರ.

ಅಲ್ಲಿ ಜನರ ಕೈ ಎತ್ತಿಸಿದ್ದರು. ನಾನು ದೇವರ ಕೈಯಿಂದಲೇ ಹೂ ಕೊಡಿಸಿದ್ದೆ.

"ಸುಧಾ, ಅವರ ತಾಯೀನ ಕ್ಷಮಿಸಿದ್ರಾ ಕೇಳು."

"ಯಾಕೆ ಮಾವ?"

"ಕೇಳು."

ಗಲೀನಾ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಸುಧಾ ಅವಳ ಮಾತನ್ನು ನಿಧಾನವಾಗಿ ಕನ್ನಡಕ್ಕೆ ತಂದಳು. "ಕ್ಷಮಿಸೋದೇನು ಬಂತು, ಅವಳು ತಲೆ ಎತ್ತೋಕಾಗದೆ ಮಲಗಿದ್ದಳು. ನಾನು ಅವಳಿಗೆ ಬೈಯೋಕೆ ಆಗೋ ಕಾಲದಲ್ಲಿ ಹೇಳಬೇಕಿತ್ತು. ಸಾಯೋಳ ಮೇಲೆ ಹೇಗೆ ಕೂಗಾಡಲಿ? ಆ ಕೂಗು ಇನ್ನೂ ನನ್ನೊಳಗೇ ಇದೆ."

ಯೂನಿಯನ್ ಸಿಟಿ, ಸೋಮವಾರ

ಮಾರನೆಯ ದಿನ ಸುಧಾ, ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅಕ್ಕ ಹಿತ್ತಲಲ್ಲಿ ಬಿಸಿಲಿಗೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕೂತೆ.

"ಅಕ್ಕ, ಅವತ್ತು ಎಡಗಡೆ ಹೂವನ್ನ ನಾನು ಅಂಟಿಸಿದ್ದೆ."

"ಹೂಂ, ನೀನೇ ತಾನೆ ಇಟ್ಟಿದ್ದು."

"ಹಂಗಲ್ಲ. ಬಿಳಿ ಸಿಮೆಂಟು ಮೆತ್ತಿ ಅಂಟಿಸಿದ್ದೆ. ಅದು ಬೀಳೋ ಹಂಗೇ ಇರಲಿಲ್ಲ. ಅಮ್ಮ ಅಪ್ಪಣೆ ಕೊಡಲಿಲ್ಲ ಅಕ್ಕ. ಅವಳು ಏನೂ ಹೇಳಲಿಲ್ಲ. ನಾನೇ ಹೇಳಿಸಿದೆ."

ಅವಳು ಇನ್ನೂ ನಾಲ್ಕು ಕಾಯಿಯ ನಾರು ತೆಗೆದಳು. ಐದನೆಯದನ್ನು ಕೈಯಲ್ಲೇ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳು."

ಹೇಳಿದೆ.

"ಯಾತಕ್ಕೆ?"

"ಗಂಡಭೇರುಂಡ ಮಾಡೋ ಆಸೆಗೆ."

"ಎರಡು ತಲೆ ಹಕ್ಕಿಗೆ." ಅವಳ ದನಿ ಏರಲಿಲ್ಲ. "ಮರುದಿನ ಕಲ್ಲು ಎತ್ತುವಾಗ ಆ ಹೂವು ಅಂಗೇ ಇತ್ತಾ?"

"ಇತ್ತು. ಉಳಿ ತಗೊಂಡು ಕೆರೆದೆ."

"ಅವಳ ಹೆಗಲನ್ನ."

"ಹೂಂ."

ಅಕ್ಕ ನನಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ತನ್ನ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ಹನ್ನೊಂದು ವರ್ಷ ಅವಳನ್ನ ಬೈದೆ ಕಣ್ಲಾ. ದಿನಾ ಬೈದೆ. ಮೂವತ್ತು ವರ್ಷ ನನ್ನ ಕೈಲಿ ಸೇವೆ ಮಾಡಿಸ್ಕೊಂಡು, ಒಂದು ಕಟ್ಟಡ ಬತ್ತದೆ ಅಂದ ತಕ್ಷಣ ನನ್ನ ಒದ್ದು ಹೋದ್ಯಲ್ಲೇ ಮುಂಡೆ ಅಂದೆ. ಸುಧಾಗೆ ಮಗು ನಿಲ್ಲದೆ ಹೋದಾಗ ನೀನೇ ತಿಂದ್ಕೊಂಡೆ ಅಂದೆ. ಏನೂ ಮಾಡದೆ ಇರೋಳು ಎಲ್ಲಾನೂ ಅನ್ನಿಸ್ಕೊಂಡ್ಲು. ಒಂದೇ ಒಂದ್ಸಲ ಕನಸಲ್ಲಿ ಬಂದು ನಾನಲ್ಲ ಕಣೇ ಅನ್ನಲಿಲ್ಲ."

ಎದ್ದಳು. ಮಡಿಲಲ್ಲಿದ್ದ ಕಾಯಿಯೆಲ್ಲ ಚೆಲ್ಲಿದವು. ಒಳಗೆ ಹೋದಳು. ಸ್ನಾನದ ನೀರಿನ ಸದ್ದು ಬಹಳ ಹೊತ್ತು ಕೇಳಿತು. ಒದ್ದೆ ಕೂದಲಲ್ಲಿ ಬಂದು ಆ ಕಪಾಟಿನ ಮುಂದೆ ನಿಂತು ದೀಪ ಹಚ್ಚಿದಳು. ಅಲ್ಲಿ ಮಾರಮ್ಮನ ಪಟ ಇಲ್ಲ, ಬೇರೆ ದೇವರುಗಳಿದ್ದವು. ಅವರನ್ನು ಬಿಟ್ಟು ಪಕ್ಕದ ಬರಿಗೋಡೆಗೆ ಮುಖ ಮಾಡಿ, "ಅವ್ವಾ" ಎಂದಳು.

ನಾನು ಹಿಂದೆ ಹೋಗಿ ಹೊಸ್ತಿಲಲ್ಲಿ ನಿಂತೆ. ಅವಳು ತಿರುಗಲಿಲ್ಲ.

"ನೀನು ಒಳಕ್ಕೆ ಬರಬ್ಯಾಡ. ಇದು ನನ್ನದು, ಅವಳದು. ಆ ಬಾಗಿಲು ಎಳಕೊಂಡು ಆಚೆ ನಿಲ್ಲು."

ಗಾಜಿನ ಬಾಗಿಲು ಎಳೆದು ಹಿತ್ತಲಲ್ಲಿ ನಿಂತೆ. ಒಳಗೆ ಅವಳ ತುಟಿ ಅಲ್ಲಾಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಬೇಲಿಯ ಸಂದಿಯಲ್ಲಿ ಗಲೀನಾಳ ಮುಖ ಕಾಣಿಸಿತು. ನೆಲದ ಮೇಲೆ ಚೆಲ್ಲಿದ ಹುರು‍ಳಿಕಾಯಿ ನೋಡಿದಳು, ನನ್ನನ್ನು ನೋಡಿದಳು.

"ನೋ ಶೌಟಿಂಗ್?" ಎಂದು ಮೆಲ್ಲಗೆ ಕೇಳಿದಳು.

ಇಲ್ಲ ಎಂದು ತಲೆಯಾಡಿಸಿದೆ.

"ವೇಟ್," ಎಂದಳು.

ಹೊರಡುವ ದಿನ

ಗಲೀನಾ ಹೇಳಿದ ಹಾಗೆ ಕೂಗಾಟ ಬಂತು. ಮೂರನೇ ದಿನ, ಅಳಿಯ, ಮಗಳು ಇಬ್ಬರ ಎದುರಿಗೇ, ಅನ್ನ ಬಡಿಸುತ್ತಿದ್ದ ಸೌಟು ಕೈಯಲ್ಲಿರುವಾಗ. ಅವಳು ಅಂದದ್ದನ್ನೆಲ್ಲ ಬರೆಯುವುದಿಲ್ಲ. ನಮ್ಮ ಅವ್ವ ಸತ್ತ ದಿನದಿಂದ ಹಿಡಿದು ನನ್ನ ಗಾರೆ ಬುಟ್ಟಿಯವರೆಗೆ ಎಲ್ಲವೂ ಬಂದವು. ಸುಧಾ ಅಳುತ್ತ "ಅಮ್ಮ, ಬಿಪಿ, ಬಿಪಿ" ಎನ್ನುತ್ತಿದ್ದಳು. ಬೈದು ಮುಗಿದ ಮೇಲೆ ನನ್ನ ತಟ್ಟೆಗೆ ಸಾರು ಹಾಕಿದಳು. ಉಳಿದ ಹನ್ನೆರಡು ದಿನವೂ ಹೊತ್ತುಹೊತ್ತಿಗೆ ಬಡಿಸಿದಳು, ಮಾತಾಡಲಿಲ್ಲ.

ಹೊರಡುವ ದಿನ ಕಾರಿನವರೆಗೆ ಬಂದಳು. ಸುಧಾ ಪೆಟ್ಟಿಗೆ ಇಡುತ್ತಿದ್ದಳು.

"ಅಕ್ಕ, ಊರಿಗೆ ಹೋಗಿ ಅಮ್ಮನಿಗೆ ಗುಡಿ ಕಟ್ಟುತೀನಿ. ನನ್ನ ಕೈಯಾರೆ."

"ಕಟ್ಟಬ್ಯಾಡ. ನಿನ್ನ ಕೈ ಅವಳಿಗೆ ಬ್ಯಾಡ." ಅದನ್ನು ಅವಳು ಸಿಟ್ಟಿಲ್ಲದೆ ಹೇಳಿದಳು. "ಅವತ್ತು ಜೈ ಅಂದೋರು ಇದ್ರಲ್ಲ, ಅವರಿಗೆಲ್ಲ ಹೇಳು. ಒಬ್ಬರನ್ನೂ ಬಿಡಬ್ಯಾಡ. ಅವಳು ಒಪ್ಪಿ ಎದ್ದು ಹೋದೋಳಲ್ಲ, ನಾವು ಎತ್ತಿ ಎಸೆದೋರು ಅಂತ ಊರಿಗೆ ಗೊತ್ತಾಗಲಿ. ಹೇಳಿ ಮುಗಿಸಿದ ಮೇಲೆ ಫೋನ್ ಮಾಡು. ಅಲ್ಲೀಗಂಟ ಮಾಡಬ್ಯಾಡ."

ನಾನು ಊರಿಗೆ ಬಂದು ಎರಡು ತಿಂಗಳಾಯಿತು. ಇನ್ನೂರು ಜನರಲ್ಲಿ ಕೆಲವರು ಸತ್ತಿದ್ದಾರೆ, ಕೆಲವರು ಊರು ಬಿಟ್ಟಿದ್ದಾರೆ. ಸಿಕ್ಕ ಮೂವತ್ತೆಂಟು ಮನೆಗೆ ಹೋಗಿ ಹೇಳಿದೆ. ಹಿಂದಿನ ಮನೆಯ ಜಯಮ್ಮ ಬಾಗಿಲು ಹಾಕಿಕೊಂಡಳು. ಒಬ್ಬ ಮುದುಕ ನನ್ನ ಮುಖಕ್ಕೆ ಉಗಿದ. ಹೆಚ್ಚಿನವರು ನಕ್ಕರು. "ಹೋಗ್ಲಿ ಬಿಡು ಮೇಸ್ತ್ರಿ, ಆಗಿದ್ದು ಆಗೋಯ್ತು, ಆಫೀಸು ಹತ್ತಿರ ಆಯ್ತಲ್ಲ" ಎಂದು ಕಾಫಿ ಕೊಟ್ಟರು. ಆ ಕಾಫಿ ಕುಡಿದು ಬರುವುದು ಉಗುಳು ಒರೆಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು.

ಉಳಿದವರು ಎಲ್ಲಿದ್ದಾರೋ ನನಗೆ ತಿಳಿಯದು. ಮಂಡ್ಯ, ಮೈಸೂರು, ಬೆಂಗಳೂರು, ಎಲ್ಲೋ ಕೂತು ಇದನ್ನು ಓದಿದರೆ ತಿಳಿಯಲಿ ಎಂದು ಬರೆದಿದ್ದೇನೆ. ಅವತ್ತು ನೀವು ಕಂಡದ್ದು ಅಮ್ಮನ ಅಪ್ಪಣೆಯಲ್ಲ. ಇದು ಅಚ್ಚಾದ ದಿನ ಅಕ್ಕನಿಗೆ ಫೋನ್ ಮಾಡುತ್ತೇನೆ. ಅವಳು ಎತ್ತದಿದ್ದರೆ ಮಾರನೆಯ ದಿನ ಮತ್ತೆ ಮಾಡುತ್ತೇನೆ.